ನಟ್ಟಿನ ಸುತ್ತುಗಳು

ನಮ್ಮ ತಂದೆ ಆರೋಗ್ಯ ಇಲಾಖೆಯಲ್ಲಿ ಲಸಿಕೆ ಹಾಕುವ ಕೆಲಸದಲ್ಲಿದ್ದರು. ಮನೆ ಹುಮನಾಬಾದಿನಲ್ಲಿ. ನಾನು ಬಸವಕಲ್ಯಾಣದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಶಿಕ್ಷಕಿಯ ತರಬೇತಿ ಪಡೆಯುತ್ತಿದ್ದೆ. ಶನಿವಾರ ಅಪ್ಪ ಆ ಕಡೆಯ ಹಳ್ಳಿಗಳ ಕೆಲಸ ಮುಗಿಸಿ, ತಮ್ಮ ಹಳೆಯ ಮೋಟಾರ್ ಸೈಕಲ್ಲಿನ ಹಿಂದೆ ನನ್ನನ್ನು ಕೂರಿಸಿಕೊಂಡು ಊರಿಗೆ ಕರೆತರುತ್ತಿದ್ದರು. ಆ ಗಾಡಿ ಇಲ್ಲದಿದ್ದರೆ ಅವರ ಕೆಲಸವೇ ಇಲ್ಲ. ಅವರ ಪಾಲಿಗೆ ಬಂದ ಹಳ್ಳಿಗಳಲ್ಲಿ ಅರ್ಧಕ್ಕೆ ಬಸ್ಸು ಹೋಗುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಹಿಂದಿನ ಬ್ರೇಕ್ ಬಿಗಿ ಮಾಡುವುದು ನನ್ನ ಕೆಲಸ. ಪೆಡಲಿನಿಂದ ಹಿಂದಿನ ಚಕ್ರದವರೆಗೆ ಒಂದು ಕಬ್ಬಿಣದ ರಾಡ್ ಹೋಗುತ್ತದೆ. ಅದರ ತುದಿಯ ನಟ್ಟನ್ನು ಅರ್ಧ ಸುತ್ತು, ಕೆಲವೊಮ್ಮೆ ಕಾಲು ಸುತ್ತು ತಿರುಗಿಸಬೇಕು. ತಿರುಗಿಸಿದ್ದನ್ನು ತಾರೀಖು ಹಾಕಿ ಬರೆದಿಡುತ್ತಿದ್ದೆ. ಚಕ್ರದ ಡ್ರಮ್ಮನ್ನು ಒಳಗಿಂದ ಉಜ್ಜಿ ನಿಲ್ಲಿಸುವ ಪಟ್ಟಿಗೆ ಲೈನರ್ ಎನ್ನುತ್ತಾರೆ; ಅದನ್ನು ಹೊಸದಾಗಿ ಹಾಕಿಸಿದ್ದು 1976ರ ನವೆಂಬರಿನಲ್ಲಿ. ಅಂದಿನಿಂದ ಒಂದು ಭಾನುವಾರವೂ ತಪ್ಪಿಸಿರಲಿಲ್ಲ.

ಮರುವರ್ಷ ಸೆಪ್ಟೆಂಬರಿಗೆ ನಟ್ಟು ರಾಡಿನ ತಿರುಪಿನ ಕೊನೆಯ ಎಳೆಗೆ ಬಂತು, ಮುಂದೆ ತಿರುಗಿಸಲು ಜಾಗವಿರಲಿಲ್ಲ. ಅದಕ್ಕೆ ಅಪ್ಪನ ಬಳಿ ಲಾರಿಯವನೊಬ್ಬ ಹೇಳಿಕೊಟ್ಟ ಉಪಾಯವಿತ್ತು. ಚಕ್ರದ ಬಳಿ ರಾಡು ಎಳೆಯುವ ಚಿಕ್ಕ ಕಬ್ಬಿಣದ ಕೈಯೊಂದಿದೆ, ಅದು ಹಲ್ಲುಗಳಿರುವ ಗೂಟದ ಮೇಲೆ ಕೂತಿರುತ್ತದೆ. ಅದನ್ನು ಬಿಚ್ಚಿ ಒಂದು ಹಲ್ಲು ಹಿಂದಕ್ಕೆ ಸರಿಸಿದರೆ ನಟ್ಟು ಮತ್ತೆ ಮೊದಲಿನ ಎಳೆಗೆ ಬರುತ್ತದೆ. ಅಪ್ಪ ಸರಿಸಿದರು. ನಾನು ಪುಸ್ತಕದಲ್ಲಿ ಗೆರೆ ಎಳೆದು ಸೊನ್ನೆಯಿಂದ ಹೊಸ ಲೆಕ್ಕ ಶುರು ಮಾಡಿದೆ. 1978ರ ಜೂನಿನಲ್ಲಿ ಇನ್ನೊಮ್ಮೆ ಸರಿಸಿದರು. ಇನ್ನೊಮ್ಮೆ ಸೊನ್ನೆ ಬರೆದೆ.

1979ರ ಜನವರಿ 6, ಶನಿವಾರ. ಹುಮನಾಬಾದ್ ಇನ್ನೂ ಸ್ವಲ್ಪ ದೂರವಿರುವಾಗ ಒಂದು ಇಳಿಜಾರು ಬರುತ್ತದೆ. ಹಳ್ಳಿಖೇಡದ ಕಾರ್ಖಾನೆಗೆ ಕಬ್ಬು ಸಾಗುವ ದಿನಗಳು. ಪಕ್ಕದ ಹೊಲದ ದಾರಿಯಿಂದ ಕಬ್ಬಿನ ಬಂಡಿಯೊಂದು ರಸ್ತೆಗೆ ಅಡ್ಡ ಬಂತು, ಅದರ ಹಿಂದೆ ಇನ್ನೊಂದು. ಅಪ್ಪ ಪೆಡಲ್ ಒತ್ತಿದ್ದು ನನಗೆ ಗೊತ್ತಾಯಿತು. ಗಾಡಿ ನಿಧಾನವಾಗಲಿಲ್ಲ. ಚಕ್ರದೊಳಗಿಂದ ಕಬ್ಬಿಣಕ್ಕೆ ಕಬ್ಬಿಣ ತಿಕ್ಕುವ ಸದ್ದು ಮಾತ್ರ ಬಂತು. ಅಪ್ಪ ಹ್ಯಾಂಡಲ್ ತಿರುಗಿಸಿ, ತೊಗರಿ ಕೊಯ್ದ ಹೊಲಕ್ಕೆ ನುಗ್ಗಿಸಿದರು. ಇಬ್ಬರೂ ಬಿದ್ದೆವು. ತೊಗರಿಯ ಕೂಳೆ ನನ್ನ ಮೀನಖಂಡವನ್ನು ಉದ್ದಕ್ಕೆ ಸೀಳಿತು.

ಬಂಡಿಯ ಮೇಲಿದ್ದವನು ಹುಡಗಿ ಎಂಬ ಊರಿನ ರೈತ, ಅಪ್ಪನ ಗುರುತಿನವನು. ಹೆದರಿಕೆಗೆ ಅವನ ದನಿ ಏರಿತ್ತು.

"ಏನ್ ಸಾಹೇಬ್ರ! ಮಕ್ಕಳಿಗೆ ಸೂಜಿ ಚುಚ್ಚಿದ್ದು ಸಾಲಲಿಲ್ಲಂತ ನನ್ನ ಎತ್ತಿಗೂ ಚುಚ್ಚಾಕ ಬಂದ್ರೇನು?"

ಅಪ್ಪ ನನ್ನ ಕಾಲಿನ ರಕ್ತ ನೋಡುತ್ತಿದ್ದರು. ಅದನ್ನು ಕಂಡು ರೈತ ಕೆಳಗಿಳಿದು ತನ್ನ ರುಮಾಲು ಬಿಚ್ಚಿ ಕೊಟ್ಟ. ಅಲ್ಲಿಂದ ಮನೆಯವರೆಗೆ ಅಪ್ಪ ಗಾಡಿ ತಳ್ಳಿದರು. ನಾನು ಪಕ್ಕದಲ್ಲಿ ಕುಂಟುತ್ತ ನಡೆದೆ.

ಮರುದಿನ ಗಾಡಿಯನ್ನು ಬಸ್ ಸ್ಟ್ಯಾಂಡಿನ ಹತ್ತಿರದ ಮಿಸ್ತ್ರಿಯ ಬಳಿ ಒಯ್ದೆವು. ವಯಸ್ಸಾದ ಮನುಷ್ಯ. ಚಕ್ರ ಬಿಚ್ಚುತ್ತ ಕೇಳಿದರು, "ಇದನ್ನ ತೆಗದು ನೋಡಿ ಎಷ್ಟು ದಿನ ಆತ್ರಿ?"

"ತೆಗಿಯೋದು ಯಾಕ? ಮಗಳು ಪ್ರತಿ ಐತಾರ ಬಿಗಿ ಮಾಡ್ತಾಳ. ಎಲ್ಲಾ ಬರ್ದಿಟ್ಟಾಳ," ಎಂದರು ಅಪ್ಪ.

"ಬರ್ದಿಟ್ರ ಬ್ರೇಕ್ ಹಿಡೀತದೇನ್ರಿ? ಓದು ಬೇಟಿ, ನನಗ ಕನ್ನಡ ಅಕ್ಷರ ಬರಂಗಿಲ್ಲ."

ಓದಿದೆ. ಮೊದಲ ಸಲ ಹದಿನಾಲ್ಕು ಸುತ್ತು. ಸೊನ್ನೆ. ಎರಡನೆಯ ಸಲ ಹದಿಮೂರು.

"ನಿಲ್ಲು. ನಡುವ ಸೊನ್ನಿ ಯಾಕ?"

"ಅಪ್ಪ ಕೈ ಒಂದು ಹಲ್ಲು ಹಿಂದ ಸರಿಸಿದ್ರು. ನಟ್ಟು ಮೊದಲಿನ ಜಾಗಕ್ಕ ಬಂತು."

"ನಟ್ಟು ಬಂತು ಬೇಟಿ. ಲೈನರ್ ಬಂತೇನು?"

ಅವರು ಲೈನರ್ ಕೂತಿರುವ, ಬ್ರೇಕಿನ ಎರಡು ಶೂಗಳನ್ನು ನನ್ನ ಅಂಗೈ ಮೇಲೆ ಇಟ್ಟರು. ಲೈನರ್ ಕಾಗದದಷ್ಟು ತೆಳ್ಳಗಾಗಿ, ಹಿತ್ತಾಳೆಯ ರಿವೆಟ್ಟುಗಳು ಹೊರಗೆ ಹೊಳೆಯುತ್ತಿದ್ದವು. ನಾನು ಮೂರೂ ಲೆಕ್ಕಗಳನ್ನು ಅಲ್ಲೇ ಕೂಡಿಸಿದೆ. ಹದಿನಾಲ್ಕು, ಹದಿಮೂರು, ಕೊನೆಯದು ಒಂಬತ್ತು: ಮೂವತ್ತಾರು ಸುತ್ತು. ಎರಡು ವರ್ಷ ನಾನು ಬರೆದದ್ದು ಬ್ರೇಕ್ ಸವೆದ ಲೆಕ್ಕ. ಬ್ರೇಕನ್ನು ನೋಡಿಕೊಂಡ ಲೆಕ್ಕ ಎಂದು ತಿಳಿದಿದ್ದೆ.

ಮಿಸ್ತ್ರಿ ತೋರಿಸಿಕೊಟ್ಟದ್ದನ್ನು ಇಂದೂ ಮರೆತಿಲ್ಲ. ಪೆಡಲ್ ಒತ್ತಿ ಹಿಡಿದಾಗ ಆ ಕಬ್ಬಿಣದ ಕೈಗೂ ರಾಡಿಗೂ ನಡುವೆ ಗೋಡೆಯ ಮೂಲೆಯಂಥ ಕೋನವಿರಬೇಕು. ಅದನ್ನು ದಾಟಿತೆಂದರೆ ಹಲ್ಲು ಸರಿಸಬಾರದು, ಚಕ್ರ ಬಿಚ್ಚಬೇಕು. ರಿವೆಟ್ಟಿನ ತಲೆ ಕಾಣುವ ಮೊದಲೇ ಲೈನರ್ ತೆಗೆಯಬೇಕು. ಗ್ರೀಸ್ ಕುಡಿದ ಲೈನರ್ ದಪ್ಪವಿದ್ದರೂ ಬೇಡ. ಶೂಗಳನ್ನು ಎಳೆಯುವ ಸ್ಪ್ರಿಂಗ್ ಸಡಿಲಾಗಿದ್ದರೆ ಅದನ್ನೂ ಬಿಡಬಾರದು.

"ಆತು, ಹೊಸ ಲೈನರ್ ಬಡದು ಕೊಡ್ರಿ. ನಾಳಿಗೆ ನಾ ಹೊರಡಬೇಕು," ಎಂದರು ಅಪ್ಪ.

ಮಿಸ್ತ್ರಿ ಡ್ರಮ್ಮನ್ನು ಮಗುಚಿ ಅಪ್ಪನ ಬೆರಳನ್ನು ಒಳಗಿನ ಅಂಚಿಗೆ ಹಚ್ಚಿದರು. ಉಗುರು ಸಿಕ್ಕಿಕೊಳ್ಳುವಷ್ಟು ದಂಡೆ ಎದ್ದಿತ್ತು, ಒಳಗೆಲ್ಲ ರಿವೆಟ್ ಕೊರೆದ ಗೆರೆಗಳು.

"ಹರಕ ಚಪ್ಪಲಿಗೆ ಹೊಸ ಮೊಳಿ ಹೊಡಿಯಂತೀರಿ ಸಾಹೇಬ್ರ. ಡ್ರಮ್ ಸೋಲಾಪುರದಿಂದ ಬರಬೇಕು."

"ಅಲ್ಲಿತನಕ ಮುಂದಿನ ಬ್ರೇಕ್ ಮ್ಯಾಲೆ ನಡಸ್ತೀನಿ."

"ನಡಸ್ರಿ. ಆದ್ರ ಮಗಳನ್ನ ಹಿಂದ ಕೂಡಿಸಬ್ಯಾಡ್ರಿ."

ಅಪ್ಪ ಡ್ರಮ್ಮಿನ ಒಳಗಿನ ಗೆರೆಗಳ ಮೇಲೆ ಇನ್ನೊಮ್ಮೆ ಬೆರಳಾಡಿಸಿದರು. ಆಮೇಲೆ ಗಾಡಿಯ ಚಾವಿ ತೆಗೆದು ಮಿಸ್ತ್ರಿಯ ಗಲ್ಲಾಪೆಟ್ಟಿಗೆಯ ಮೇಲಿಟ್ಟರು. ನಾನು ತಪ್ಪು ನನ್ನದು ಎಂದು ಹೇಳಲು ಬಾಯಿ ತೆರೆದೆ.

"ಸೊನ್ನಿ ನೀ ಬರದಿದ್ದಿ, ತಂಗಿ. ಹಲ್ಲು ಸರಿಸಿದಾಂವ ನಾನು," ಎಂದರು ಅಪ್ಪ.

ಡ್ರಮ್ ಬರಲು ಹನ್ನೆರಡು ದಿನ ಹಿಡಿಯಿತು. ಕಾಲಿನ ಗಾಯದಿಂದ ನಾನೂ ಮನೆಯಲ್ಲೇ ಉಳಿದೆ. ಅಷ್ಟೂ ದಿನ ಅಪ್ಪ ಲಸಿಕೆಯ ಡಬ್ಬಿ ಹಿಡಿದು ಬಸ್ಸಿನಲ್ಲಿ ಹೋದರು, ಬಸ್ಸಿಲ್ಲದ ಕಡೆ ಬಾಡಿಗೆ ಸೈಕಲ್ಲಿನಲ್ಲಿ. ಎರಡು ಹಳ್ಳಿಗಳಿಗೆ ಹೋಗಲಾಗಲಿಲ್ಲ. ಆ ಎರಡರ ಹೆಸರನ್ನು ರಾತ್ರಿ ಊಟಕ್ಕೆ ಕೂತಾಗ ಅವ್ವನ ಮುಂದೆ ಮತ್ತೆ ಮತ್ತೆ ಹೇಳುತ್ತಿದ್ದರು.

ಹೊಸ ಡ್ರಮ್, ಹೊಸ ಶೂ, ಹೊಸ ಸ್ಪ್ರಿಂಗ್ ಕೂತ ಮೇಲೆ ಒಂದು ಭಾನುವಾರ ನನ್ನನ್ನು ಬಸವಕಲ್ಯಾಣಕ್ಕೆ ಬಿಡಲು ಹೊರಟರು. ಆ ಇಳಿಜಾರಿನ ಕೆಳಗೆ ಗಾಡಿ ನಿಲ್ಲಿಸಿ ಇಳಿಯಲು ಹೇಳಿದರು.

"ಇಲ್ಲೇ ದಂಡಿಗೆ ನಿಲ್ಲು. ನೀ ನಿಂತ ಜಾಗದಾಗ ನಾ ನಿಲ್ಲಬೇಕು. ನೋಡಿ ಹೇಳು."

ಅಪ್ಪ ಮೇಲೆ ಹೋಗಿ, ಗಾಡಿ ತಿರುಗಿಸಿ ವೇಗವಾಗಿ ಬಂದರು. ಹೊಸ ಲೈನರ್ ಇನ್ನೂ ಡ್ರಮ್ಮಿಗೆ ಹೊಂದಿಕೊಂಡಿರಲಿಲ್ಲ. ಮೊದಲ ಸಲ ನನ್ನನ್ನು ದಾಟಿ ಐದು ಹೆಜ್ಜೆ ಮುಂದೆ ನಿಂತರು. ಎರಡನೆಯ ಸಲ ಎರಡು ಹೆಜ್ಜೆ. ಮೂರನೆಯ ಸಲ ಗಾಡಿ ನನ್ನ ಎದುರಿಗೇ ನಿಂತಿತು. ಅಪ್ಪನ ಹಣೆಯ ಮೇಲೆ ಬೆವರಿತ್ತು.

"ಹ್ಯಾಂಗನಸ್ತದ? ಕೂಡ್ತಿ?"

ಗಾಡಿಯ ವಿಷಯದಲ್ಲಿ ಅವರು ನನ್ನ ಒಪ್ಪಿಗೆ ಕೇಳಿದ್ದು ಅದೇ ಮೊದಲು. ಕಾಲಿನ ಗಾಯ ಇನ್ನೂ ಎಳೆಯುತ್ತಿತ್ತು.

"ಇನ್ನೊಂದ್ ಸಲ, ಅಪ್ಪಾ," ಎಂದೆ.

ಅಪ್ಪ ತಲೆಯಾಡಿಸಿ, ಗಾಡಿ ತಿರುಗಿಸಿಕೊಂಡು ಏರಿ ಹೋದರು.