ದೊಡ್ಡಪ್ಪನ ಫ್ರೆಂಚ್ ಪಾಠ

ತಿದ್ದುವ ಚಟ ಬೀಡಿಯ ಚಟಕ್ಕಿಂತ ಕೆಟ್ಟದ್ದು. ಬೀಡಿಯನ್ನು ನಾನು ನಲವತ್ತರಲ್ಲೇ ಬಿಟ್ಟೆ, ಇದನ್ನು ಬಿಡಲಾಗಲಿಲ್ಲ. ರೋಣದ ಶಾಲೆಯಲ್ಲಿ ಮೂವತ್ತೈದು ವರ್ಷ ಕನ್ನಡ ಕಲಿಸಿ ನಿವೃತ್ತನಾಗಿ, ಈಗ ಗಜೇಂದ್ರಗಡದಲ್ಲಿ ಸೀರೆ ನೇಯುವ ತಮ್ಮನ ಮನೆಯ ಕಟ್ಟೆಯ ಮೇಲೆ ಕೂತು ಹೋಗಿಬರುವವರ ತಪ್ಪು ತಿದ್ದುತ್ತೇನೆ.

ತಮ್ಮನ ಮಗಳು ಸುವರ್ಣಾ ಹುಬ್ಬಳ್ಳಿಯ ಕಾಲೇಜಿನಲ್ಲಿ ಎರಡನೇ ಭಾಷೆಯಾಗಿ ಫ್ರೆಂಚ್ ತೆಗೆದುಕೊಂಡಿದ್ದಳು. ಓದಿ ತೋರಿಸುವ ಪರೀಕ್ಷೆಯಲ್ಲಿ ಒಮ್ಮೆ ನಪಾಸಾಗಿದ್ದಳು. "ಈ ಸಲಾನೂ ಹೋದ್ರ ಸಾಲಿ ಸಾಕು, ಮಗ್ಗಕ್ಕ ಕೂಡು" ಎಂದು ತಮ್ಮ ಕಡ್ಡಿ ಮುರಿದಂತೆ ಹೇಳಿದ್ದ. ಹುಡುಗಿ ರಜೆಗೆ ಬಂದಾಗ ಅವಳ ಪುಸ್ತಕ ಕಸಿದುಕೊಂಡು, "ತಾ ಇಲ್ಲೆ, ಅಕ್ಷರ ಅಂದ್ರ ಅಕ್ಷರ. ಯಾ ಭಾಷಾ ಆದ್ರೇನು?" ಎಂದವನು ನಾನೇ.

ಫ್ರೆಂಚರ ನಾಮಪದಗಳೋ, ಹಾಡುಹಗಲ ಮೋಸ! ಹಕ್ಕಿ ಎನ್ನುವುದಕ್ಕೆ ಆರು ಅಕ್ಷರ ಬರೆಯುತ್ತಾರೆ. ಒಂದನ್ನೂ ಅದರ ಸ್ವಂತ ದನಿಯಲ್ಲಿ ಓದದೆ 'ವಾ-ಜೊ' ಎಂದು ಎರಡೇ ತುಂಡಿನಲ್ಲಿ ಮುಗಿಸುತ್ತಾರೆ. ಹೊತ್ತು ಎನ್ನುವುದಕ್ಕೆ ಐದಕ್ಷರ. ಕೊನೆಯವನ್ನು ನುಂಗಿ, ಮೂಗಿನಲ್ಲಿ 'ತಾಂ' ಎಂದರೆ ಹೊತ್ತು ಹೋಯಿತು. ಇದೆಲ್ಲ ಈಗ ತಿಳಿದ ಬುದ್ಧಿ. ಆಗ ನಾನು ಆ ಹಕ್ಕಿಯನ್ನು 'ಒ-ಇ-ಸೆ-ಆ-ಉ' ಎಂದು ಐದು ತುಂಡು ಮಾಡಿದ್ದೆ. ಹೊತ್ತು 'ಟೆಂಪ್ಸು' ಆಗಿತ್ತು. ಕೊನೆಗೊಂದು ಉಕಾರ ಹಚ್ಚದಿದ್ದರೆ ನನ್ನ ನಾಲಗೆಗೆ ಸಮಾಧಾನವಿಲ್ಲ. ಮನೆಯಲ್ಲಿ ಮಾತಾಡುವಾಗ ಅದೇ ಉಕಾರವನ್ನು ನಾವೂ ನುಂಗುವವರೇ. ಪರದೇಶದವರು ನುಂಗಿದರೆ ಮಾತ್ರ ನನಗೆ ಸಿಟ್ಟು.

"ನಮ್ಮ ಮೇಡಂ ಬ್ಯಾರೆ ಹೇಳ್ತಾರ್ರಿ ದೊಡ್ಡಪ್ಪಾ" ಎಂದು ಮೊದಲ ದಿನ ಸುವರ್ಣಾ ಮೆಲ್ಲಗೆ ಅಂದಳು.

"ಅವರಿಗೆ ಏನೋ ಅವಸರ ಇರಬೇಕು ಬಿಡು" ಎಂದೆ.

ಅವಳು ನಾನಂದಂತೆಯೇ ಓದತೊಡಗಿದಳು. ಮಾಸ್ತರರ ಮಾತಿಗೆ ಎದುರಾಡುವ ಪದ್ಧತಿ ನಮ್ಮ ಮನೆಯಲ್ಲಿಲ್ಲ, ತಮ್ಮನೇ ಆಡುವುದಿಲ್ಲ. ಒಳಗೆ ಅವನ ಮಗ್ಗ ನಡೆದಿತ್ತು. ಮಗ್ಗದ ಒಂದು ಬಡಿತಕ್ಕೆ ಒಂದು ತುಂಡಿನಂತೆ ಓದಿಸಿದೆ, ಬೆರಳಿನಿಂದ ತಾಳ ಹಾಕಿಸಿದೆ. ಹದಿನೈದು ದಿನ ಬಿಡದೆ ಓದಿಸಿದೆ. ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಪರೀಕ್ಷೆ ಮುಗಿಸಿ ಬಂದವಳ ಮುಖ ನೋಡಿಯೇ ಕೆಟ್ಟಿತೆಂದು ನನಗೆ ತಿಳಿಯಿತು. ಓದತೊಡಗಿದ ಕೂಡಲೇ ಬೆರಳು ತಾನಾಗಿ ಮೇಜು ಬಡಿಯಿತಂತೆ, ಬಾಯಿಗೆ ನನ್ನ ಪಾಠವೇ ಬಂತಂತೆ. ಪರೀಕ್ಷಕರು ಅರ್ಧಕ್ಕೇ ಸಾಕೆಂದು ನಪಾಸು ಮಾಡಿದರಂತೆ. ಮರುದಿನ ತಮ್ಮ ಮೂಲೆಯಲ್ಲಿದ್ದ ಎರಡನೇ ಮಗ್ಗದ ಧೂಳು ಒರೆಸಿದ. ಅಯ್ಯೋ, ಅದರ ಬದಲು ನನ್ನ ಕೆನ್ನೆಗೆ ಎರಡು ಬಾರಿಸಿದ್ದರೆ ಚೆನ್ನಾಗಿತ್ತು!

ಸಂಜೆ ನೂಲು ಸುತ್ತುತ್ತಿದ್ದವಳ ಎದುರು ಕೂತೆ. ಇಡೀ ಜನ್ಮದಲ್ಲಿ ಯಾರಿಗೂ ಹೇಳದ ಮಾತನ್ನು ಅವಳಿಗೆ ಹೇಳಿದೆ.

"ಸುವರ್ಣಾ, ನನಗ ಫ್ರೆಂಚ್ ಬರಂಗಿಲ್ಲವ್ವಾ. ಬರತೈತಿ ಅಂತ ಹೇಳಿ ನಿನ್ನ ಸಾಲಿ ಕೆಡಿಸಿದೆ."

ಅವಳು ಕೈ ನಿಲ್ಲಿಸಲಿಲ್ಲ. "ನನಗ ಮೊದಲನೇ ದಿನಾನ ಗೊತ್ತಾಗಿತ್ರಿ ದೊಡ್ಡಪ್ಪಾ. ನಿಮಗ ಹ್ಯಾಂಗ ಹೇಳೂದು ಅನ್ನೂದು ಗೊತ್ತಾಗಲಿಲ್ಲ."

ನನ್ನೆದುರು ಕೈಕಟ್ಟಿ ನಿಂತು "ಹೌದ್ರಿ ಸರ್" ಎಂದ ಮಕ್ಕಳೆಲ್ಲ ನೆನಪಾದರು. ಅವರಲ್ಲಿ ಎಷ್ಟು ಜನಕ್ಕೆ ನನ್ನ ತಪ್ಪು ಗೊತ್ತಿತ್ತೋ.