ಕತ್ತರಿಸಿದ ಕೊಂಬೆಯ ಬೆಳಕು

ದೇವರ ಪೂಜೆಗೆ ಹೂ ಕೊಯ್ಯುವಾಗ ಆ ಗೂಡು ನನ್ನ ಕಣ್ಣಿಗೆ ಬಿದ್ದಿತು. ಹೊಸನಗರದ ನಮ್ಮ ಮನೆಯ ಅಂಗಳದಂಚಿನ ದಾಸವಾಳದ ಗಿಡದಲ್ಲಿ, ಎದೆಯೆತ್ತರದ ಕವಲಿನಲ್ಲಿ, ನಾರು ತರಗೆಲೆಗಳಿಂದ ಕಟ್ಟಿದ, ಗಂಧದ ಬಟ್ಟಲಿಗಿಂತ ತುಸು ದೊಡ್ಡದಾದ ಗೂಡು. ಒಳಗೆ ಪಿಕಳಾರ ಹಕ್ಕಿಯ ಎರಡು ಮರಿಗಳು. ಇನ್ನೂ ಕಣ್ಣು ತೆರೆಯದ ಅವು ನನ್ನ ಕೈ ತಗುಲಿ ಕೊಂಬೆ ಅಲುಗಿದೊಡನೆ ತಾಯಿಯೆಂದೇ ಬಗೆದು ಬಾಯಿ ತೆರೆದವು. ಅಂದಿನಿಂದ ಆ ಗಿಡದ ಹೂವನ್ನು ಕೊಯ್ಯದೆ ಬಿಟ್ಟೆ. ಅದನ್ನೊಂದು ವ್ರತವೆಂದೇ ಭಾವಿಸಿದೆ.

ಸಂಸ್ಕೃತದ ಅಧ್ಯಾಪಕನಾಗಿದ್ದ ನಾನು ನಿವೃತ್ತನಾದ ಮೇಲೆ ಸಾಗರದಲ್ಲೊಂದು ಕ್ಯಾಮೆರಾ ಕೊಂಡಿದ್ದೆ. ಅದನ್ನು ಹಿಡಿಯಲು ಕಲಿಸಿದವರು ಜೋಗದ ವಿದ್ಯುದಾಗಾರದಲ್ಲಿ ದುಡಿದು, ಈಗ ನಮ್ಮ ಬೀದಿಯಲ್ಲಿ ನೆಲೆಸಿರುವ ಗೆಳೆಯರು. ವಾರಕ್ಕೊಮ್ಮೆ ನಾವಿಬ್ಬರೂ ಹತ್ತಿರದ ನಗರವೆಂಬ ಊರಿನ ಕೋಟೆಯ ಕಡೆಗೆ ಹಕ್ಕಿ ನೋಡಲು ಹೋಗುತ್ತಿದ್ದೆವು. ಅವರು ಗೂಡನ್ನು ದೂರದಿಂದಲೇ ನೋಡಿದರು.

"ಮೇಷ್ಟ್ರೇ, ಒಂದೇ ಒಂದು ಎಲೆ ಮುಟ್ಬೇಡಿ. ಫೋಟೋ ಕಪ್ಪಗೆ ಬಂದ್ರೆ ಬರ್ಲಿ. ಕಾಗೆ ಮೇಲಿಂದ ನೋಡ್ತಾ ಇರತ್ತೆ ಮಾರಾಯ್ರೆ."

ಮುಟ್ಟುವುದಿಲ್ಲವೆಂದೆ. ನಾಲ್ಕು ದಿನ ಆ ಮಾತಿನಂತೆ ನಡೆದೆ. ಆದರೆ ತೆಗೆದ ಪ್ರತಿ ಚಿತ್ರದಲ್ಲಿಯೂ ಮರಿಗಳ ಮುಖದ ಮೇಲೆ ಎಲೆಯ ನೆರಳು. ಐದನೆಯ ದಿನ ಬೆಳಗ್ಗೆ ಕತ್ತರಿ ತಂದು ಗೂಡಿನ ಮೇಲಿನ ಎರಡು ಕೊಂಬೆಗಳನ್ನು ತೆಗೆದುಹಾಕಿದೆ. ಬಿಸಿಲು ನೇರವಾಗಿ ಗೂಡಿಗಿಳಿಯಿತು. ತಾಯಿ ಬಂತು, ಎರಡು ಬಾಯಿಗಳು ತೆರೆದವು, ಅವುಗಳ ಒಳಗಿನ ಕೆಂಪು, ದೀಪದ ಕುಡಿಯಂತೆ ಹೊಳೆಯಿತು. ನಾನು ತೆಗೆದ ಚಿತ್ರಗಳಲ್ಲೆಲ್ಲ ಅದೇ ಉತ್ತಮವಾದುದು.

ಮರುದಿನ ತಂದೆಯವರ ತಿಥಿ. ಕಾಗೆ ಮುಟ್ಟುವವರೆಗೆ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ. ಬಾಳೆಲೆಯ ಮೇಲೆ ಅನ್ನವನ್ನೂ ವಡೆಯನ್ನೂ ಇಟ್ಟು, ಅಂಗಳದಲ್ಲಿ ನಿಂತು ನಾನೇ "ಕಾ, ಕಾ" ಎಂದು ಕರೆದೆ. ಅರ್ಧ ಗಂಟೆ ಕಳೆಯಿತು.

"ಕಾಕೆ ಒಂದೂ ಇಲ್ಲೆ," ಜಗಲಿಯಿಂದ ತಂಗಿ ಗೊಣಗಿದಳು. "ಅಣ್ಣಾ, ಇನ್ನೊಂದು ವಡೆ ಇಡು. ಅಪ್ಪಯ್ಯಂಗೆ ಒಂದು ಎಲ್ಲಿ ಸಾಕಾಗ್ತಿತ್ತು?"

ಪುರೋಹಿತರು ಹೊಟ್ಟೆ ಸವರಿಕೊಂಡು ನಕ್ಕರು. "ನಿಮ್ಮ ಮೇಲೆ ಸಿಟ್ಟಿರ್ಬೇಕು ಅವರಿಗೆ. ಹಕ್ಕಿ ಹಿಂದೆ ತಿರುಗಿ ಸಂಧ್ಯಾವಂದನೆ ಗಿಂಧ್ಯಾವಂದನೆ ತಪ್ಸಿದ್ರಾ ಎಂತ?"

ನಾನು ಇನ್ನಷ್ಟು ಗಟ್ಟಿಯಾಗಿ ಕರೆದೆ. ಕಾಗೆ ಬಂತು. ಬಾಳೆಲೆಯ ಕಡೆ ನೋಡಲೇ ಇಲ್ಲ. ದಾಸವಾಳದ ಮೇಲಿಳಿದು, ನಾನು ತೆರೆದುಕೊಟ್ಟ ಕಿಂಡಿಯಲ್ಲಿ ಕೊಕ್ಕಿಳಿಸಿ, ಒಂದು ಮರಿಯನ್ನು ಎತ್ತಿಕೊಂಡಿತು. ಹೆಂಚಿನ ಮೇಲೆ ಕುಳಿತು, ಕಾಲಡಿ ಒತ್ತಿ ಹಿಡಿದು, ಎಳೆದೆಳೆದು ತಿಂದಿತು. ತಾಯಿ ತಂದೆ ಪಿಕಳಾರಗಳೆರಡೂ ಅರಚುತ್ತ ಅದರ ತಲೆಯ ಮೇಲೆರಗುತ್ತಿದ್ದವು.

ಇನ್ನೊಂದು ಮರಿ ಗೂಡಿನಲ್ಲೇ ಇತ್ತು. ಗಿಡ ಹತ್ತು ಹೆಜ್ಜೆಯ ದೂರ. ಬಗ್ಗಿ ಒಂದು ಕೋಲನ್ನೆತ್ತಿಕೊಂಡೆ.

"ಅಯ್ಯಯ್ಯೋ, ಎಂತ ಮಾಡ್ತೀರಿ?" ಪುರೋಹಿತರು ಕೂಗಿದರು. "ಇವತ್ತು ಕಾಗೆ ಓಡ್ಸೋದಾ? ತಂದೆಯವ್ರನ್ನ ಊಟದಿಂದ ಎಬ್ಬಿಸಿ ಕಳ್ಸಿದ ಹಾಗೆ!"

ಕೋಲನ್ನು ಕೆಳಗಿಟ್ಟೆ. ಕೈಜಾರಿ ಬೀಳಲಿಲ್ಲ; ನಾನೇ ಇಟ್ಟೆ. ಮರಿಗಳು ಮತ್ತೆ ಹುಟ್ಟುತ್ತವೆ, ತಿಥಿ ವರ್ಷಕ್ಕೊಂದೇ ಎಂದು ಮನಸ್ಸು ಸಲೀಸಾಗಿ ಶಾಸ್ತ್ರ ಹೇಳಿತು. ಕಾಗೆ ಎರಡನೆಯದನ್ನೂ ಒಯ್ದಿತು. ತಿಂದು, ಕೊಕ್ಕನ್ನು ಹೆಂಚಿಗೆ ಉಜ್ಜಿ, ಅಂಗಳಕ್ಕಿಳಿದು ವಡೆಯನ್ನು ಕಚ್ಚಿತು.

"ಮುಟ್ಟಿತು! ಅಪ್ಪಯ್ಯಂಗೆ ತೃಪ್ತಿಯಾತು," ಎಂದು ತಂಗಿ ಕೈಮುಗಿದಳು. ನಾನೂ ಮುಗಿದೆ. ತುಂಬ ಹಸಿದಿದ್ದೆ, ಪಾಯಸವನ್ನು ಎರಡು ಸಲ ಬಡಿಸಿಕೊಂಡೆ.

ಕೈತೊಳೆದು ಬಂದಾಗ ತಾಯಿಹಕ್ಕಿ ಕೊಕ್ಕಿನಲ್ಲಿ ಹಸಿರು ಹುಳುವನ್ನು ಹಿಡಿದು ಗೂಡಿನಂಚಿನಲ್ಲಿ ಕುಳಿತಿತ್ತು. ಒಳಗೆ ಬಗ್ಗಿ ನೋಡಿತು. ಹಾರಿಹೋಯಿತು, ಅದೇ ಹುಳುವಿನೊಡನೆ ಮರಳಿ ಬಂದು ಮತ್ತೆ ಬಗ್ಗಿತು. ಬೆಳಕು ಬಹಳ ಚೆನ್ನಾಗಿತ್ತು. ಕ್ಯಾಮೆರಾ ತಂದು ಅದನ್ನೂ ತೆಗೆದೆ.

ಮರುದಿನ ಗೆಳೆಯರಿಗೆ ಎರಡೂ ಚಿತ್ರಗಳನ್ನು ತೋರಿಸಿ, ಕಾಗೆ ಮರಿಗಳನ್ನು ಒಯ್ದುದನ್ನು ಹೇಳಿದೆ. ಅವರು ಬಹಳ ಹೊತ್ತು ನೋಡಿದರು. ಮೊದಲ ಚಿತ್ರದ ಮೂಲೆಯಲ್ಲಿ ಕತ್ತರಿಸಿದ ಕೊಂಬೆಯ ಬಿಳಿಯ ತುದಿ ಕಾಣುತ್ತಿತ್ತು. ಅದರ ಮೇಲೆ ಬೆರಳಿಟ್ಟರು.

"ಕತ್ತಿಯಾ, ಕತ್ತರಿಯಾ?"

"ಕತ್ತರಿ," ಎಂದೆ.

ಕ್ಯಾಮೆರಾವನ್ನು ನನ್ನ ಮಡಿಲಿನಲ್ಲಿಟ್ಟು ಎದ್ದರು. "ಬೆಳಕು ಚೆನ್ನಾಗ್ ಬಂದಿದೆ ಮೇಷ್ಟ್ರೇ."

ಅಂದಿನಿಂದ ಅವರು ಕೋಟೆಯ ಕಡೆಗೆ ಒಬ್ಬರೇ ಹೋಗುತ್ತಾರೆ.