ನಾನು ನೋಡದ ಆಟಗಾರ

ಪಂಕ್ಚರ್ ಸಲ್ಯೂಷನ್ನಿನ ವಾಸನೆಯಿಂದ ಕೆಲವರಿಗೆ ತಲೆನೋವು ಬರುತ್ತದೆ. ನನಗೆ ನಾಚಿಕೆ ಬರುತ್ತಿತ್ತು. ಕಳೆದ ತಿಂಗಳು ಹುಕ್ಕೇರಿಯಲ್ಲಿ ತಂಗಿಯ ಹಳೆಯ ಸ್ಕೂಟರ್ ತೆಗೆದುಕೊಂಡು ಬಜಾರಕ್ಕೆ ಹೊರಟಿದ್ದೆ. ನಡುದಾರಿಯಲ್ಲಿ ಹಿಂದಿನ ಗಾಲಿ ಕೈಕೊಟ್ಟಿತು. ತಳ್ಳಿಕೊಂಡು ಒಂದು ಅಂಗಡಿ ಮುಟ್ಟಿದೆ. ಅಂಗಡಿಯವನು ಟ್ಯೂಬು ಹೊರಗೆಳೆದು, ತೂತಿನ ಜಾಗ ಉಜ್ಜಿ, ಬೆರಳಿನಿಂದ ಸಲ್ಯೂಷನ್ ಹಚ್ಚಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಗೋಕಾಕದ ಕಾಲೇಜು ಮೈದಾನದ ಗೇಟಿನೆದುರು ಇಪ್ಪತ್ತರ ಹುಡುಗಿಯಾಗಿ, ಬಾಯಲ್ಲೊಂದು ಸುಳ್ಳು ಇಟ್ಟುಕೊಂಡು ನಿಂತಿದ್ದೆ...

ಆ ಗೇಟಿನೆದುರು ಒಬ್ಬ ಕಾಕಾ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದರು. ನಮ್ಮ ಕಾಲೇಜಿನ ಬಾಸ್ಕೆಟ್‌ಬಾಲುಗಳಿಗೂ ಅವರೇ ವೈದ್ಯರು. ಹುಡುಗಿಯರ ತಂಡದಲ್ಲಿ ಆಡುತ್ತಿದ್ದ ನಾನು ವಾರಕ್ಕೊಮ್ಮೆಯಾದರೂ ಗಾಳಿ ಇಳಿದ ಚೆಂಡು ಹಿಡಿದು ಅವರ ಮುಂದೆ ನಿಲ್ಲುತ್ತಿದ್ದೆ. ಕಾಕಾ ಚೆಂಡನ್ನು ನೀರಿನ ಬಾನಿಯಲ್ಲಿ ಅದುಮಿ ಗುಳ್ಳೆ ಹುಡುಕುವಾಗ ಮಾತಾಡುತ್ತಿರಲಿಲ್ಲ. ಗುಳ್ಳೆ ಸಿಕ್ಕಮೇಲೆ ಮಾತು ನಿಲ್ಲಿಸುತ್ತಿರಲಿಲ್ಲ. ಮಾತೆಲ್ಲ ಒಂದೇ, ಬಾಸ್ಕೆಟ್‌ಬಾಲ್. ತರುಣರಾಗಿದ್ದಾಗ ಅವರೂ ಆಡಿದವರು. ನಾನು ನೋಡುವ ಹೊತ್ತಿಗೆ ಹೊಟ್ಟೆ ಬಂದಿತ್ತು, ಮಂಡಿ ಹಿಡಿದಿತ್ತು. ಚೆಂಡು ಕೈಗೆ ಬಂದಾಗ ಬೆರಳುಗಳು ಮಾತ್ರ ತಾವಾಗಿಯೇ ಅದನ್ನು ತಿರುಗಿಸುತ್ತಿದ್ದವು.

ಪ್ರತಿ ಶನಿವಾರ ಸಂಜೆ ಆ ಅಂಗಡಿಯಲ್ಲಿ ಒಂದು ಆಟ ನಡೆಯುತ್ತಿತ್ತು. ಗೋಕಾಕ, ಮೂಡಲಗಿ, ಹುಕ್ಕೇರಿ, ಈ ಮೂರು ಊರುಗಳ ಕಡೆ ಇಂದಿನವರೆಗೆ ಬಾಸ್ಕೆಟ್‌ಬಾಲ್ ಆಡಿದ ಎಲ್ಲರಿಂದ ಐವರನ್ನು ಆರಿಸಿ ತಂಡ ಕಟ್ಟಬೇಕು. ಸತ್ತವರಾದರೂ ಆದೀತು, ಮುದುಕರಾದವರಾದರೂ ಆದೀತು, ಅವರು ತಮ್ಮ ಒಳ್ಳೆಯ ಕಾಲದಲ್ಲಿ ಹೇಗಿದ್ದರೋ ಹಾಗೆಯೇ ಅಂಕಣಕ್ಕೆ ಬರುತ್ತಾರೆ. ಕಾಕಾ ಒಂದು ಹಲಗೆಯ ಮೇಲೆ ಸೀಮೆಸುಣ್ಣದಿಂದ ಅಂಕಣ ಬರೆಯುತ್ತಿದ್ದರು. ಒಬ್ಬರ ತಂಡ ಐದು ನಟ್ಟುಗಳು, ಇನ್ನೊಬ್ಬರದು ಐದು ವಾಷರುಗಳು. ನಾನು ನನ್ನ ನಟ್ಟನ್ನು ಬೆರಳಿನಿಂದ ಸರಿಸಿ, ಇವನು ಹೀಗೆ ನುಗ್ಗಿ ಹೀಗೆ ಎಸೆಯುತ್ತಾನೆ ಅನ್ನಬೇಕು. ಎದುರಿನವರು ತಮ್ಮ ವಾಷರ್ ತಂದು, ಹೇಗೆ ತಡೆಯುತ್ತಾನೆ ಎಂದು ಹೇಳಬೇಕು. ಮಾತು ಹತ್ತಿಕೊಂಡರೆ ಸುತ್ತ ಕುಳಿತವರು ತೀರ್ಪು ಕೊಡುತ್ತಿದ್ದರು. ಮೊದಲು ಹನ್ನೊಂದು ಬಾಸ್ಕೆಟ್ ಹಾಕಿದವರು ಗೆದ್ದಂತೆ.

ನಿಯಮ ಒಂದೇ ಇತ್ತು. ನೀವು ಸ್ವತಃ ನೋಡಿದ ಆಟಗಾರರನ್ನಷ್ಟೇ ತೆಗೆದುಕೊಳ್ಳಬೇಕು. ಮೊದಲ ದಿನವೇ ಕಾಕಾ ನನಗೆ ಅದನ್ನು ತಿಳಿಸಿ ಹೇಳಿದ್ದರು.

"ಕಿವೀಲೆ ಕೇಳಿದ ಆಟಗಾರ ಒಮ್ಮಿನೂ ಗುರಿ ತಪ್ಪಂಗಿಲ್ಲ ತಂಗಿ. ಕಣ್ಣೀಲೆ ನೋಡಿದಾಂವ ತಪ್ಪತಾನ. ನಮಗ ತಪ್ಪಾಂವ ಬೇಕು."

ಕೇಳಲು ಚೆನ್ನಾಗಿದೆ. ಆದರೆ ಅವರು ಮೂವತ್ತು ವರ್ಷದ ಆಟ ನೋಡಿದವರು, ನಾನು ನೋಡಿದ್ದು ಬರೀ ನಾಲ್ಕು ವರ್ಷದ್ದು. ಅವರ ತಂಡದಲ್ಲಿ ಕೊಣ್ಣೂರಿನ ಒಬ್ಬ ಎಡಗೈಯವನಿದ್ದ, ಗಾಳಿಯಲ್ಲಿ ಎರಡು ಸಲ ಮನಸ್ಸು ಬದಲಿಸುವವನು. ಹುಕ್ಕೇರಿಯ ಒಬ್ಬ ಮಾಸ್ತರರಿದ್ದರು. ಕುಳ್ಳ ಆಳು, ಆದರೆ ಅವರು ಎಸೆದುಕೊಟ್ಟ ಚೆಂಡು ಹಿಡಿಯದಿದ್ದರೆ ಹಿಡಿಯದವನದೇ ತಪ್ಪು. ನನ್ನ ತಂಡದಲ್ಲಿ ಯಾರಿದ್ದರು? ನಮ್ಮ ಕಾಲೇಜಿನವರೇ ನಾಲ್ಕು ಜನ, ಮೇಲೊಬ್ಬಳು ನನ್ನ ಸೀನಿಯರ್ ಹುಡುಗಿ. ಪ್ರತಿ ಶನಿವಾರ ನಾನು ಮಣ್ಣು ಮುಕ್ಕುತ್ತಿದ್ದೆ. ಸೋತು ನಗುವ ಗುಣ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಆ ಹುಕ್ಕೇರಿ ಮಾಸ್ತರರು ಕಾಕಾನ ಜೀವದ ಗೆಳೆಯರು. ಶನಿವಾರ ಬೆಳಗಿನ ಶಾಲೆ ಮುಗಿಸಿ, ಎರಡು ಬಸ್ಸು ಬದಲಿಸಿ ಗೋಕಾಕಕ್ಕೆ ಬರುತ್ತಿದ್ದರು. ಒಂದು ಮೂಲೆಯ ಸ್ಟೂಲಿನ ಮೇಲೆ ಕುಳಿತು, ತಮ್ಮದೇ ಹೆಸರಿನ ವಾಷರ್ ಹಲಗೆಯ ಮೇಲೆ ಓಡುವುದನ್ನು ನೋಡುತ್ತಿದ್ದರು. ಅದು ಚೆನ್ನಾಗಿ ಆಡಿದ ದಿನ ಎಲ್ಲರಿಗೂ ಚಹಾ ಹೇಳುತ್ತಿದ್ದರು.

ಕೊನೆಯ ವರ್ಷದ ಒಂದು ಶನಿವಾರ ನಾನು ಹೊಸಬನೊಬ್ಬನನ್ನು ಕರೆತಂದೆ. ಮೂಡಲಗಿಯ ಒಬ್ಬ ಉದ್ದನೆಯ ಆಳು. ನಮ್ಮ ಸೋದರಮಾವ ಅವನ ಕಥೆ ಹೇಳಿದ್ದ, ಅಷ್ಟೇ. ನಾನು ಅವನನ್ನು ಕಂಡೇ ಇರಲಿಲ್ಲ. ಆದರೂ ನಟ್ಟನ್ನು ಹಲಗೆಯ ಮೇಲಿಟ್ಟು, ಮೂಡಲಗಿಯ ಪಂದ್ಯದಲ್ಲಿ ನೋಡಿದ್ದೇನೆ ಅಂದೆ. ಅಷ್ಟಕ್ಕೆ ಬಿಡಬಹುದಿತ್ತು. ನನ್ನ ಬಾಯಿ ಬಿಡಲಿಲ್ಲ. ಬಲಗೈ ಮಣಿಕಟ್ಟಿಗೆ ಕೆಂಪು ಕರವಸ್ತ್ರ ಕಟ್ಟಿಕೊಂಡಿದ್ದ ಅಂದೆ. ಎಸೆಯುವ ಮೊದಲು ಒಂದು ಕ್ಷಣ ಬುಟ್ಟಿಯ ಕಡೆಗೇ ನೋಡುವುದಿಲ್ಲ ಅಂದೆ. ಅರ್ಧ ಅಂಕಣದಿಂದ ಬಲಗೈಯಲ್ಲಿ ಬೀಸಿ ಹಾಕಿದ್ದನ್ನು ಎದ್ದು ನಿಂತು, ಮಾಡಿ ತೋರಿಸಿದೆ.

ಕಾಕಾ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ಎಲ್ಲವನ್ನೂ ಕೇಳಿಸಿಕೊಂಡರು. ಮಾಸ್ತರರ ಮುಖ ನೋಡಿದರು. ಮಾಸ್ತರರು ಅವರ ಮುಖ ನೋಡಿದರು. ಆ ದಿನ ನಾನು ಹನ್ನೊಂದಕ್ಕೆ ಎಂಟರಿಂದ ಗೆದ್ದೆ. ಸೈಕಲ್ ಏರಿ ಮನೆಗೆ ಹೋಗುವಾಗ ಹಾಡಿಕೊಂಡು ಹೋದದ್ದು ನೆನಪಿದೆ.

ಮುಂದಿನ ಶನಿವಾರ ಹೋದರೆ ಕಾಕಾ ತಮ್ಮ ತಂಡ ಬದಲಿಸಿದ್ದರು. ನನ್ನ ಮೂಡಲಗಿಯವನನ್ನು ಅವರೇ ತೆಗೆದುಕೊಂಡಿದ್ದರು. ಮೊದಲು ಹೇಳಿದವರಿಗೆ ಆಟಗಾರ ಸಿಗುವ ಪದ್ಧತಿ, ಅವರು ನನಗಿಂತ ಮೊದಲೇ ಹೇಳಿಬಿಟ್ಟಿದ್ದರು. ಅವನಿಗೆ ಜಾಗ ಮಾಡಲು ಒಬ್ಬರನ್ನು ಬಿಡಬೇಕಲ್ಲ. ಬಿಟ್ಟದ್ದು ಹುಕ್ಕೇರಿ ಮಾಸ್ತರರನ್ನು.

ಮಾಸ್ತರರು ಅದೇ ಸ್ಟೂಲಿನ ಮೇಲೆ ಮುಖ ಸಣ್ಣದು ಮಾಡಿಕೊಂಡು ಕುಳಿತಿದ್ದರು. ಚಹಾ ಬೇಡವೆಂದರು. ಆಟ ಶುರುವಾಯಿತು. ಕಾಕಾ ಆ ಉದ್ದನೆಯವನಿಗೆ ಚೆಂಡು ಕೊಟ್ಟಾಗಲೆಲ್ಲ ಬಾಸ್ಕೆಟ್. ನಾನೇ ಅವನನ್ನು ಹಾಗೆ ಬೆಳೆಸಿಟ್ಟಿದ್ದೆ, ತಡೆಯುವುದು ಹೇಗೆ? ಒಂದು ಹಂತದಲ್ಲಿ ಕಾಕಾ ವಾಷರಿನ ಮೇಲೆ ಬೆರಳಿಟ್ಟು, ತಲೆ ಎತ್ತದೆ ಕೇಳಿದರು.

"ಇಂವಾ ಎಲ್ಲಿ ತಪ್ಪತಾನ? ನೀ ನೋಡೀಯಲ್ಲ, ಹೇಳು."

ಅವನ ಬಗ್ಗೆ ನೂರು ವಿವರ ಕಟ್ಟಿದ್ದೆ, ಒಂದೇ ಒಂದು ತಪ್ಪು ಕಟ್ಟಿರಲಿಲ್ಲ. ಹನ್ನೊಂದಕ್ಕೆ ಮೂರರಿಂದ ಸೋತೆ. ನನ್ನ ಸುಳ್ಳಿನ ಕೈಯಲ್ಲಿ ನಾನೇ ಸೋತದ್ದು ಹೋಗಲಿ, ಮೂಲೆಯಲ್ಲಿ ಕುಳಿತ ಮನುಷ್ಯ ತಮ್ಮ ಜಾಗ ಕಳೆದುಕೊಂಡಿದ್ದರು. ಅವರು ನಿಜವಾಗಿ ಆಡಿದವರು. ಅವರ ಜಾಗಕ್ಕೆ ಬಂದವನ ಅರ್ಧ ಆಟ ನನ್ನ ನಾಲಗೆಯ ಮೇಲೆ ಹುಟ್ಟಿತ್ತು.

ಅದಾದ ಮೇಲೆ ಎರಡು ಶನಿವಾರ ಮಾಸ್ತರರು ಅದೇ ಮುಖ ಹೊತ್ತು ಬಂದರು. ಮೂರನೆಯ ಶನಿವಾರ ಬರಲಿಲ್ಲ. ಆಮೇಲೆ ಬರಲೇ ಇಲ್ಲ. ಧೈರ್ಯ ಮಾಡಿ ಕಾಕಾನನ್ನು ಕೇಳಿದೆ.

"ಅಂವಗ ಇನ್ನ ಇಲ್ಲಿ ಬರಾಕ ಆಗಂಗಿಲ್ಲ ತಂಗಿ," ಎಂದಷ್ಟೇ ಹೇಳಿ ಅವರು ಟಾಯರಿಗೆ ಕೈ ಹಾಕಿದರು.

ಹೇಳಿಬಿಡಬೇಕೆಂದು ನಾನು ಎಷ್ಟು ಸಲ ಆ ಅಂಗಡಿಗೆ ಹೋಗಿಲ್ಲ... ಒಮ್ಮೆ ಮಧ್ಯಾಹ್ನ ಯಾರೂ ಇಲ್ಲದಾಗ ಹೋಗಿ ನಿಂತೆ. ಕಾಕಾ ನನ್ನನ್ನೇ ನೋಡುತ್ತ ಕಾದರು. ಬಾಯಿ ತೆರೆದವಳು ಸೈಕಲ್ಲಿಗೆ ಗಾಳಿ ಹಾಕ್ರಿ ಅಂದೆ. ಅವರು ಎರಡೂ ಗಾಲಿ ಒತ್ತಿ ನೋಡಿ, "ಎರಡೂ ಗಟ್ಟಿ ಅದಾವಲ್ಲವಾ," ಅಂದರು. ನಾನು ಮುಖ ತಿರುಗಿಸಿ ಹೊರಟುಬಂದೆ. ಪರೀಕ್ಷೆ ಬಂತು, ಮುಗಿಯಿತು. ಮದುವೆಯಾಯಿತು. ಸಂಬಂಧ ಕೂಡಿ ಬಂದದ್ದು ಎಲ್ಲಿ ಅಂತೀರಿ, ಮೂಡಲಗಿಯಲ್ಲೇ.

ನಾನು ಬರುವಷ್ಟರಲ್ಲಿ ಆ ಉದ್ದನೆಯವನು ತೀರಿಕೊಂಡು ಬಹಳ ಕಾಲವಾಗಿತ್ತು. ಆದರೂ ಬಜಾರಿನಲ್ಲಿ ಯಾರಾದರೂ ಹಳೆಯ ಬಾಸ್ಕೆಟ್‌ಬಾಲಿನ ಮಾತು ತೆಗೆದರೆ ನಾನು ತರಕಾರಿ ಅರ್ಧಕ್ಕೆ ಬಿಟ್ಟು ಮನೆ ಸೇರುತ್ತಿದ್ದೆ. ಕೆಲವು ವರ್ಷಗಳ ನಂತರ ಕಾಕಾ ಹೋದರೆಂಬ ಸುದ್ದಿ ಬಂತು, ಅದೂ ಎಂಟು ದಿನ ತಡವಾಗಿ. ಅಂದು ಅತ್ತದ್ದು ಬರೀ ದುಃಖಕ್ಕಲ್ಲ. ಇಬ್ಬರು ಗೆಳೆಯರನ್ನು ಅಗಲಿಸಿದವಳು ನಾನು, ಇನ್ನು ಅದನ್ನು ಸರಿಮಾಡುವ ದಾರಿಯೂ ಮುಚ್ಚಿತು ಅನ್ನಿಸಿ ಅತ್ತೆ.

ಇಷ್ಟೆಲ್ಲ ಆ ಹುಕ್ಕೇರಿಯ ಅಂಗಡಿಯೆದುರು ನಿಂತಲ್ಲೇ ಬಂದು ಹೋಯಿತು. ಪಂಕ್ಚರ್ ಹಾಕುತ್ತಿದ್ದವನನ್ನು, ಮೊದಲು ಬಾಸ್ಕೆಟ್‌ಬಾಲ್ ಆಡುತ್ತಿದ್ದ ಕುಳ್ಳ ಮಾಸ್ತರರೊಬ್ಬರು ಈ ಊರಲ್ಲಿದ್ದರಲ್ಲ ಎಂದು ಕೇಳಿದೆ. "ಅದಾರಲ್ರೀ, ಹಿಂದಿನ ಓಣ್ಯಾಗ ಎರಡನೇ ಮನಿ," ಅಂದ. ಇಪ್ಪತ್ತೈದು ವರ್ಷ ನಾನು ಅಂಜಿದ ಮನುಷ್ಯ ಇಷ್ಟು ಹತ್ತಿರದಲ್ಲಿದ್ದರು. ತಂಗಿಯ ಮನೆಗೆ ಎಷ್ಟು ಸಲ ಬಂದಿದ್ದೆನೋ.

ಮಾಸ್ತರರು ಕಟ್ಟೆಯ ಮೇಲೆ ಬಿಸಿಲಿಗೆ ಕುಳಿತಿದ್ದರು. ಎಂಬತ್ತು ದಾಟಿರಬೇಕು. ಕಾಲೇಜಿನ ಹೆಸರು, ಕಾಕಾನ ಅಂಗಡಿಯ ಹೆಸರು ಹೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು ನನ್ನನ್ನು ದಿಟ್ಟಿಸಿದರು.

"ಕೆಂಪ ಕರವಸ್ತ್ರದಾಕಿ," ಅಂದರು.

ನಾನು ಅಲ್ಲೇ ಅವರ ಕಾಲ ಬಳಿ ಕುಳಿತೆ. ಸುತ್ತಿ ಬಳಸದೆ ಹೇಳಿಬಿಟ್ಟೆ. ಅವನನ್ನು ನಾನು ನೋಡಿರಲಿಲ್ಲ, ನಿಮ್ಮ ಜಾಗ ಹೋದದ್ದು ನನ್ನ ಸುಳ್ಳಿನಿಂದ, ನನ್ನಿಂದಲೇ ನೀವು ಬರುವುದು ನಿಲ್ಲಿಸಿದಿರಿ, ತಪ್ಪಾಯಿತು. ಹೇಳುವಾಗ ನನ್ನ ಧ್ವನಿ ಇಪ್ಪತ್ತರ ಹುಡುಗಿಯದೇ ಆಗಿತ್ತು. ಮಾಸ್ತರರು ಕೊನೆಯವರೆಗೂ ಕೇಳಿ, ಬೊಚ್ಚು ಬಾಯಿ ತೆರೆದು ನಗತೊಡಗಿದರು.

"ಅಂವಾ ಆಡೂದು ಬಿಟ್ಟಾಗ ನೀ ಇನ್ನೂ ಹುಟ್ಟಿರಲಿಲ್ಲ. ಬಲಗೈಲೆ ಬೀಸಿ ತೋರ್ಸಿದಿ. ಅಂವಾ ಎಡಚ. ನಿಮ್ಮ ಕಾಕಾ ಮೂರು ವರ್ಷ ಅಂವನ ಎದುರ ಆಡ್ಯಾನ, ಅಂವಗ ಗೊತ್ತಿಲ್ಲೇನು?"

"ಮತ್ತ ನಿಮ್ಮನ್ನ ಯಾಕ ತಗದ್ರು?"

"ನಾನ ಹೇಳಿದ್ದೆ. ನನ್ನ ತಗದು ಅಂವನ್ನ ಹಾಕು, ಹುಡುಗಿ ಏನ ಮಾಡ್ತಾಳ ನೋಡೂನು ಅಂತ. ನಾ ಮಾರಿ ಸಣ್ಣದು ಮಾಡಿ ಕುಂತ್ರ ನಿನಗ ತಡಿಯಂಗಿಲ್ಲ, ಬಾಯಿ ಬಿಡ್ತಿ ಅಂತ ಲೆಕ್ಕ ಹಾಕಿದ್ವಿ. ಅಷ್ಟರಾಗ ನನಗ ಕಣಗಲಾಕ್ಕ ವರ್ಗ ಆತು. ಆ ಊರಿಂದ ಶನಿವಾರ ಗೋಕಾಕದ ಬಸ್ಸು ಸಿಗತಿದ್ದಿಲ್ಲ. ಮುಂದ ನಿಮ್ಮ ಕಾಕಾನೇ ತಿಂಗಳಿಗೊಮ್ಮೆ ನಮ್ಮ ಮನಿಗೆ ಬರತಿದ್ದ."

ತಿಂಗಳಿಗೊಮ್ಮೆ, ಕೊನೆಯವರೆಗೂ. ಮಾಸ್ತರರು ಅದನ್ನು ಸುಮ್ಮನೆ ಹೇಳಿದರು. ನನಗೆ ಮಾತ್ರ ಉಸಿರು ಹೊರಗೆ ಬಂದಂತಾಯಿತು. ಯಾರ ಗೆಳೆತನವೂ ಮುರಿದಿರಲಿಲ್ಲ. ಯಾರಿಗೂ ನೋವಾಗಿರಲಿಲ್ಲ. ಇಲ್ಲದ ಒಂದು ಪಾಪವನ್ನು ನಾನು ಮದುವೆ, ಬಾಣಂತನ, ಮಕ್ಕಳ ಪರೀಕ್ಷೆ ಎಲ್ಲದರ ನಡುವೆ ಇಷ್ಟು ವರ್ಷ ಹೊತ್ತು ತಿರುಗಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು, ಅಳುವೂ ಬಂತು. ಎರಡೂ ಹಿತವಾಗಿಯೇ ಇದ್ದವು. ಕಾಕಾನಿಗೆ ನನ್ನ ಮೇಲೆ ಸಿಟ್ಟಿತ್ತೇ ಎಂದು ಕೇಳಿದೆ.

"ಸಿಟ್ಟ್ಯಾಕ? ನೀ ಬಂದು ಹೇಳಿದ ಮ್ಯಾಲ ಮೂವರೂ ಕೂಡಿ ನಗೂದು ಅಂತ ಮಾತಾಗಿತ್ತು. ಅಲ್ಲೀತನಕ ನಗಬಾರದು ಅಂತ ಅಂವಾ ತಡದ ಇಟ್ಕೊಂಡಿದ್ದ. ಬಂದಾಗೊಮ್ಮೆ ಕೇಳ್ತಿದ್ದೆ, ಹುಡುಗಿ ಹೇಳಿದ್ಲೇನೋ ಅಂತ. ದವಾಖಾನ್ಯಾಗ ಮಲಗಿದಾಗೂ ಕೇಳಿದೆ. ಇಲ್ಲೋ, ಇನ್ನೂ ಬಂದಿಲ್ಲ ಅಂದ."

ಮಾಸ್ತರರು ಮತ್ತೆ ನಕ್ಕರು. ನಗು ಕೆಮ್ಮಾಯಿತು, ಮನೆಯೊಳಗಿಂದ ಯಾರೋ ಕುಡಿಯಲು ನೀರು ತಂದುಕೊಟ್ಟರು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ಸ್ಕೂಟರನ್ನು ತಂಗಿಗೆ ಒಪ್ಪಿಸಿ, ಮೂಡಲಗಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟವಳು, ಬಹಳ ವರ್ಷಗಳಿಂದ ಹಗಲು ನಿದ್ದೆ ಮಾಡದವಳು, ಊರು ಬರುವವರೆಗೂ ಮಲಗಿಬಿಟ್ಟೆ. ಎದ್ದಾಗ ಮೈ ಹಗುರಾಗಿತ್ತು. ಆದರೆ ಗಾಳಿ ಹಾಕ್ರಿ ಅಂದ ಆ ಮಧ್ಯಾಹ್ನ ಕಾಕಾನ ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವಲ್ಲ... ನಾನು ಅಂಜದೆ ಒಂದು ಮಾತು ಆಡಿದ್ದರೆ ಕಾಕಾ ಆ ನಗುವನ್ನು ನಕ್ಕು ಹೋಗುತ್ತಿದ್ದರು.